ಬಾಗಿಲು ತೆರೆದ ಹಬ್ಬ

(ಡಿಸೆಂಬರ್ ತಿಂಗಳ ಸಹೋದರ ಕೂಟದಲ್ಲಿ ಮಾಡಿದ ಭಾಷಣ)



ಕ್ರಿಸ್ತ ಜಯಂತಿಯ ರಜೆಯನ್ನು ನಮ್ಮ ಮನೆಯಲ್ಲಿಯೇ, ನಮ್ಮ ಈ ಬಿಸಿಲಿನಲ್ಲಿಯೇ, ಸಂತೋಷವಾಗಿ ಕಳೆಯುವುದು ಹೇಗೆ ಎಂಬುದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿಕೊಂಡಿದ್ದೀರಿ. ಹಬ್ಬ ಮಾಡುವುದನ್ನು ಕಲಿಸಿಕೊಡಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಡಿಸೆಂಬರ್ 26ರ ಬೆಳಿಗ್ಗೆ ನಮ್ಮ ಅನೇಕ ಮನೆಗಳಲ್ಲಿ ಏನು ಕಾಣುತ್ತದೆ? ತಾಯಿಗೆ ಸೊಂಟ ನೋವು, ತಂದೆಗೆ ಸಾಲದ ಲೆಕ್ಕ, ಮಕ್ಕಳಿಗೆ ಹೊಟ್ಟೆಯ ತೊಂದರೆ. ಹೀಗಿರುವಾಗ ಈ ವಿಷಯ ಚಿಕ್ಕದೆಂದು ನಾನು ಹೇಳಲಾರೆ.

ಮೊದಲು ಹಿಮದ ಮಾತು. ನಮ್ಮ ಅಂಗಡಿಗಳಲ್ಲಿ ಸಿಗುವ ಕಾರ್ಡುಗಳ ಮೇಲೆ ಹಿಮ ಬಿದ್ದ ಮನೆ, ಹಿಮ ಹೊತ್ತ ಮರ, ಕಂಬಳಿಯಂಥ ಅಂಗಿ ತೊಟ್ಟ ಮುದುಕ. ಪ್ಲಾಸ್ಟಿಕ್ ಮರ ತಂದು ಅದರ ಮೇಲೆ ನಾವು ಹತ್ತಿ ಹರಡುತ್ತೇವೆ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ತೆರೆದು ನೋಡಿರಿ. ಅಲ್ಲಿ ಹಿಮವಿಲ್ಲ. ಯಾವ ಕಾಲವೆಂಬುದೂ ಇಲ್ಲ. ಅಲ್ಲಿ ಇರುವುದು ರಾತ್ರಿ ಪಾಳಿಯ ಕೆಲಸದಲ್ಲಿದ್ದ ಕುರುಬರು. ಡಿಸೆಂಬರ್ 25ನ್ನು ಜನನದ ಹಬ್ಬವಾಗಿ ಆಚರಿಸಿದ ಹಳೆಯ ದಾಖಲೆ ರೋಮ್ ನಗರದ್ದು. ಅದು 336ನೇ ಇಸವಿಗೆ ಸೇರಿದ್ದು. ಹಬ್ಬವು ಉತ್ತರ ಯುರೋಪಿನ ಚಳಿನಾಡುಗಳಿಗೆ ಹೋದಾಗ ಅಲ್ಲಿಯ ಹಿಮ ಅದಕ್ಕೆ ಅಂಟಿಕೊಂಡಿತು. ಈಗ ನಮ್ಮ ಕಣ್ಣ ಮುಂದಿರುವ ಚಿತ್ರವಂತೂ ಬಹುಮಟ್ಟಿಗೆ 19ನೇ ಶತಮಾನದ್ದು. ಲಂಡನ್ನಿನಲ್ಲಿ ಡಿಕನ್ಸನ ಕ್ರಿಸ್ಮಸ್ ಕಥೆಯೂ, ಅಚ್ಚಾದ ಮೊದಲ ಕ್ರಿಸ್ಮಸ್ ಕಾರ್ಡೂ ಹೊರಬಂದದ್ದು ಒಂದೇ ವರ್ಷ, 1843ರಲ್ಲಿ. ವಿಕ್ಟೋರಿಯಾ ರಾಣಿಯ ಕುಟುಂಬವು ಅಲಂಕರಿಸಿದ ಮರದ ಸುತ್ತ ನಿಂತ ಚಿತ್ರವನ್ನು ಅಲ್ಲಿಯ ಪತ್ರಿಕೆ 1848ರಲ್ಲಿ ಪ್ರಕಟಿಸಿದ ಮೇಲೆ ಆ ಮರವೂ ಮನೆಮನೆಗೆ ಹಬ್ಬಿತು.

ನಮ್ಮ ಕಡೆಗೆ ಬಾಸೆಲ್ ಮಿಶನಿನ ಬೋಧಕರು 1834ರಲ್ಲಿ ಮಂಗಳೂರಿಗೆ ಬಂದರು. 1956ರ ರಾಜ್ಯ ಪುನರ್ವಿಂಗಡಣೆಯ ತನಕ ಕಾಸರಗೋಡೂ ಅದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತಾದ್ದರಿಂದ ಆ ಚರಿತ್ರೆ ನಮ್ಮದೂ ಹೌದು. ದೂರ ದೇಶದಿಂದ ಬಂದವರು ತಮ್ಮ ಮನೆಯನ್ನು ನೆನೆದು ಹಿಮದ ಚಿತ್ರ ತೂಗುಹಾಕಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಾವು ಮನೆ ಬಿಟ್ಟು ಬಂದವರಲ್ಲ. ಮನೆಯಲ್ಲಿಯೇ ಕುಳಿತು ಬೇರೆಯವರ ಮನೆಯನ್ನು ನೆನೆಯುವುದೇಕೆ?

ನಮ್ಮ ಡಿಸೆಂಬರ್ ಎಂಥದು? ಈ ಕರಾವಳಿಯಲ್ಲಿ ಕ್ರಿಸ್ಮಸ್ಸಿನ ಹಗಲು ಜುಲೈ ತಿಂಗಳ ಹಗಲಿಗಿಂತ ಬಿಸಿ. ಜುಲೈಯಲ್ಲಿ ಮೋಡವೂ ಮಳೆಯೂ ಕವಿದಿರುವುದರಿಂದ ಮಧ್ಯಾಹ್ನದ ಬಿಸಿ ಸುಮಾರು 28, 29 ಡಿಗ್ರಿಗೆ ನಿಲ್ಲುತ್ತದೆ. ಡಿಸೆಂಬರಿನಲ್ಲಿ ಆಕಾಶ ಬರಿದು. ಘಟ್ಟದ ಮೇಲಿಂದ ಒಣ ಮೂಡುಗಾಳಿ ಬೀಸುತ್ತದೆ, ಸಮುದ್ರದ ಗಾಳಿ ತಡವಾಗಿ ಬರುತ್ತದೆ. ಆದ್ದರಿಂದ ಬಿಸಿ 32, 33 ಡಿಗ್ರಿಗೆ ಏರುವುದುಂಟು. ಸೊಲ್ಲಾಪುರ, ಜತ್ತ, ಆದವಾನಿಯ ಕಡೆಯ ನಮ್ಮ ಸಹೋದರರಿಗೆ ಹಗಲು ಬಿಸಿಲು, ರಾತ್ರಿ ಹೊದಿಕೆ ಬೇಕಾಗುವ ಚಳಿ. ನೀಲಗಿರಿಯಲ್ಲಿರುವವರು ಬೆಳಿಗ್ಗೆ ಎದ್ದು ನೋಡಿದರೆ ಹುಲ್ಲಿನ ಮೇಲೆ ಬಿಳಿಯ ಹೆಪ್ಪುಮಂಜು. ಆದರೆ ಅದು ಅವರಿಗೆ ಚಿತ್ರದ ಶೋಭೆಯಲ್ಲ, ಚಹಾ ಚಿಗುರು ಸುಟ್ಟುಹೋಗುವ ಭಯ.

ಚಳಿನಾಡಿನ ಹಬ್ಬ ಬಾಗಿಲು ಮುಚ್ಚಿಕೊಂಡು ಬೆಂಕಿಯ ಸುತ್ತ ಕೂಡುವ ಹಬ್ಬ. ಹಾಗೆ ಮಾಡದಿದ್ದರೆ ಅವರಿಗೆ ಬದುಕಿಲ್ಲ. ನಮ್ಮದಾದರೋ ಬಾಗಿಲು ತೆರೆದ ಹಬ್ಬ. ಮಳೆ ನಿಂತಿದೆ, ಅಂಗಳ ಒಣಗಿದೆ. ಹತ್ತು ಜನ ಹೆಚ್ಚು ಬಂದರೂ ಜಗಲಿಯಲ್ಲಿ ಚಾಪೆ ಹಾಸಿದರೆ ಸಾಕು. ಬಡವನಿಗೆ ಬೆಚ್ಚನೆಯ ಕೋಟು ಬೇಡ, ಕೋಣೆ ಕಾಯಿಸಲು ಕಟ್ಟಿಗೆ ಬೇಡ. ಈ ಬಿಸಿಲನ್ನು ನಾವು ಕೊರತೆಯೆಂದು ಎಣಿಸದೆ ಕೊಡುಗೆಯೆಂದು ತಿಳಿಯಬೇಕು.

ಬೇರೆ ಬಿಸಿನಾಡುಗಳ ಕ್ರೈಸ್ತರು ಹೀಗೆಯೇ ಮಾಡಿದ್ದಾರೆ. ಫಿಲಿಪ್ಪೀನ್ಸ್ ದೇಶದಲ್ಲಿ ಡಿಸೆಂಬರ್ 16ರಿಂದ 24ರ ತನಕ ಒಂಬತ್ತು ದಿನ ನಸುಕಿನಲ್ಲಿಯೇ ಆರಾಧನೆ ನಡೆಯುತ್ತದೆ. ಹೊಲಕ್ಕೆ ಹೋಗುವ ಕೂಲಿಕಾರರು ಬಿಸಿಲೇರುವ ಮೊದಲು ಬಂದುಹೋಗಲೆಂದು ಸ್ಪೇನಿನವರ ಕಾಲದಲ್ಲಿ ಈ ಹೊತ್ತನ್ನು ಇಟ್ಟರೆಂದು ಹೇಳುತ್ತಾರೆ. ಆರಾಧನೆ ಮುಗಿಸಿ ಹೊರಬಂದವರಿಗೆ ಅಕ್ಕಿಹಿಟ್ಟಿನ ಬಿಸಿ ರೊಟ್ಟಿ, ಶುಂಠಿ ಕಷಾಯ. ಮನೆಮುಂದೆ ಬಿದಿರುಕಡ್ಡಿ ಮತ್ತು ಕಾಗದದ ನಕ್ಷತ್ರ, ನಮ್ಮ ಹುಡುಗರು ಕಟ್ಟುವಂಥದ್ದೇ. ಆಸ್ಟ್ರೇಲಿಯಾದಲ್ಲಿ ಕ್ರಿಸ್ಮಸ್ ಬರುವುದು ಕಡುಬೇಸಿಗೆಯಲ್ಲಿ. ಮೆಲ್ಬೋರ್ನ್ ನಗರದ ರೇಡಿಯೋ ಉದ್ಘೋಷಕ ನಾರ್ಮನ್ ಬ್ಯಾಂಕ್ಸ್ ಎಂಬವರು, ಕಿಟಕಿಯ ಬಳಿ ಒಬ್ಬಳೇ ಕುಳಿತು ಮೇಣದ ಬತ್ತಿಯ ಬೆಳಕಿನಲ್ಲಿ ರೇಡಿಯೋದೊಂದಿಗೆ ಹಾಡುತ್ತಿದ್ದ ವೃದ್ಧೆಯನ್ನು ಕಂಡು, ಒಂಟಿಯಾಗಿರುವವರೆಲ್ಲ ಕೂಡಿ ಹಾಡಲೆಂದು 1938ರಲ್ಲಿ ತೋಟದ ಬಯಲಿನಲ್ಲಿ ಹಾಡುಕೂಟ ಏರ್ಪಡಿಸಿದರು. ಸುಮಾರು ಹತ್ತು ಸಾವಿರ ಜನ ಬಂದರು. ಹಿಮ ಬೀಳುವ ನಾಡಿನಲ್ಲಿ ಮಧ್ಯರಾತ್ರಿ ಬಯಲಿನಲ್ಲಿ ಹೀಗೆ ಕೂಡುವುದು ಸುಲಭವೇ?

ಇನ್ನು ಅಡುಗೆ. ನಮ್ಮ ಅಜ್ಜಿಯರು ಹವೆ ತಿಳಿದವರು. ಕುಸ್ವಾರದ ತಿಂಡಿಗಳನ್ನು ನೋಡಿರಿ. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ, ಎಲ್ಲವೂ ಹಿಟ್ಟು, ತೆಂಗಿನಕಾಯಿ, ಎಳ್ಳು, ಬೆಲ್ಲ ಸಕ್ಕರೆಗಳಿಂದ ಆದವು, ಎಣ್ಣೆಯಲ್ಲಿ ಕರಿದವು. ನೀರಿನಂಶ ಹೋದುದರಿಂದ ಡಬ್ಬಿಯಲ್ಲಿಟ್ಟರೆ ಹಲವು ದಿನ ಕೆಡುವುದಿಲ್ಲ. ಕೆಡುವುದು ಕಾಯಿಹಾಲಿನ ಸಾರು, ಮಾಂಸ ಮತ್ತು ಕ್ರೀಮು ಹಚ್ಚಿದ ಕೇಕು. ಆದುದರಿಂದ ಕೋಳಿಯ ಸಾರನ್ನು ಹಿಂದಿನ ರಾತ್ರಿ ಮಾಡಿಡದೆ ಬೆಳಿಗ್ಗೆ ಬೇಯಿಸಿ ಮಧ್ಯಾಹ್ನಕ್ಕೆ ಮುಗಿಸಿರಿ. ಉಳಿಯುವಷ್ಟು ಮಾಡಬೇಡಿರಿ. ಕರಿಯುವ ಕೆಲಸವನ್ನು ನಸುಕಿಗೋ ಸಂಜೆಗೋ ಇಟ್ಟುಕೊಳ್ಳಿರಿ. ಕೇಕು ಬೇಕೆಂದರೆ ಅದಕ್ಕೂ ನಮ್ಮ ನೆರೆಯಲ್ಲಿ ದಾರಿ ತೋರಿಸಿದವರಿದ್ದಾರೆ. ತಲಶ್ಶೇರಿಯ ಬೇಕರಿಯ ಮಾಂಬಳ್ಳಿ ಬಾಪು ಅವರು 1883ರಲ್ಲಿ ಒಬ್ಬ ಬ್ರಿಟಿಷ್ ತೋಟದ ದೊರೆಗಾಗಿ ಊರಿನ ಸಾಮಗ್ರಿಗಳನ್ನೂ ಬಳಸಿ ಕ್ರಿಸ್ಮಸ್ ಕೇಕು ಸುಟ್ಟುಕೊಟ್ಟರೆಂಬುದು ಆ ಊರಿನವರು ಇಂದಿಗೂ ಹೇಳುವ ಕಥೆ.

ಮರಕ್ಕೆ ಗಾಳಿಮರದ ಒಂದು ಕೊಂಬೆ ಸಾಕು. ಬಕೆಟಿನಲ್ಲಿ ಒದ್ದೆ ಮರಳು ತುಂಬಿ ನೆಟ್ಟರೆ ಕೆಲವು ದಿನ ಹಸಿರಾಗಿರುತ್ತದೆ. ಒಣಗಿದ ಮೇಲೆ ಅದು ಬೆಂಕಿಗೆ ತುತ್ತು. ಆದ್ದರಿಂದ ಅದರ ಹತ್ತಿರ ಮೇಣದ ಬತ್ತಿ ಬೇಡ; ಗೋದಲಿಯ ಹುಲ್ಲಿನ ಹತ್ತಿರವೂ ಬೇಡ.

ಇಷ್ಟರ ತನಕ ಹೇಳಿದ್ದು ಸುಲಭದ ಮಾತು. ಈಗ ಕಷ್ಟದ ಮಾತಿಗೆ ಬರುತ್ತೇನೆ. ನಮ್ಮ ಹಬ್ಬವನ್ನು ಕೆಡಿಸುವುದು ಬಿಸಿಲಲ್ಲ. ಕೂಲಿಯಿಲ್ಲದ ರಜೆ, ಹಂಚಿಕೊಳ್ಳದ ಕೆಲಸ ಮತ್ತು ಸಾಲ, ಇವು ಮೂರು.

ಒಂದನೆಯದು ರಜೆ. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದ ಸಬ್ಬತ್ ಆಜ್ಞೆಯು ಯಜಮಾನನಿಗೆ ಮಾತ್ರ ವಿಶ್ರಾಂತಿ ಹೇಳಿಲ್ಲ. ದಾಸನಿಗೂ ದಾಸಿಗೂ ಪರದೇಶಿಗೂ ದನಕ್ಕೂ ಹೇಳಿದೆ. ಆದರೆ ದಿನಗೂಲಿಯವನಿಗೆ ವಿಶ್ರಾಂತಿಯೆಂದರೆ ಅರ್ಧ ಹೊಟ್ಟೆ. ಕೇರಳದಲ್ಲಿಯೂ ಅಂದಿನ ಮದರಾಸು ರಾಜ್ಯದಲ್ಲಿಯೂ 1958ರಲ್ಲಿ ರಾಷ್ಟ್ರೀಯ ಹಾಗೂ ಹಬ್ಬದ ರಜೆಗಳ ಕಾಯ್ದೆ ಬಂದಿತು. ಕಾರ್ಖಾನೆ, ಅಂಗಡಿ, ತೋಟಗಳ ಕಾರ್ಮಿಕರಿಗೆ ಆ ದಿನಗಳಲ್ಲಿ ಸಂಬಳದೊಂದಿಗೆ ರಜೆ. ರಜೆಯ ದಿನ ಕೆಲಸಕ್ಕೆ ಕರೆದರೆ ಇಮ್ಮಡಿ ಕೂಲಿ, ಇಲ್ಲವೇ ಆ ದಿನದ ಕೂಲಿಯೊಂದಿಗೆ ಬದಲಿ ರಜೆ. ರಾಷ್ಟ್ರೀಯ ರಜೆಗಳು ಕಾಯ್ದೆಯಲ್ಲಿಯೇ ಇವೆ. ಹಬ್ಬದ ರಜೆಗಳನ್ನು ಪಟ್ಟಿ ಮಾಡಬೇಕು. ಆ ಪಟ್ಟಿ ಆಗುವಾಗ ನಾವು ಬಾಯಿ ಮುಚ್ಚಿಕೊಂಡಿದ್ದು ಡಿಸೆಂಬರಿನಲ್ಲಿ ಗೊಣಗಿದರೆ ಪ್ರಯೋಜನವಿಲ್ಲ. ಹಾಗೆಂದು ನಮ್ಮ ಹಬ್ಬವನ್ನಷ್ಟೇ ಕೇಳುವುದೂ ನ್ಯಾಯವಲ್ಲ. "ದೀಪಾವಳಿಗೆ ನೀವು ಹೋಗಿ ಬನ್ನಿ ಅಣ್ಣಾ, ನಿಮ್ಮ ಪಾಳಿಯಲ್ಲಿ ನಾನು ನಿಲ್ಲುತ್ತೇನೆ" ಎಂದು ಹೇಳಿದವನಿಗೆ ಕ್ರಿಸ್ಮಸ್ಸಿಗೆ ಪಾಳಿ ಬದಲಿಸಿಕೊಡುವ ಜೊತೆಗಾರ ಸಿಕ್ಕೇ ಸಿಗುತ್ತಾನೆ. ಪೆರ್ನಾಳಿಗೂ ಓಣಂಗೂ ಇದೇ ಮಾತು.

ಎರಡನೆಯದು ಹೆಂಗಸರ ಕೆಲಸ. "ಮನೆಯಲ್ಲಿ ರಜೆ" ಎನ್ನುತ್ತೇವೆ. ಬೀಡಿ ಕಟ್ಟುವ ಅಕ್ಕನಿಗೆ ಮನೆಯೇ ಕೆಲಸದ ಜಾಗ. ಸಾವಿರ ಬೀಡಿಗೆ ಇಷ್ಟು ಎಂದು ಲೆಕ್ಕ. ಕೈ ನಿಂತರೆ ದುಡ್ಡೂ ನಿಂತಿತು. 1966ರ ಬೀಡಿ ಕಾರ್ಮಿಕರ ಕಾಯ್ದೆಯು ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಎಣಿಸಿತು. ಮಾಲಿಕರು ಪ್ರಶ್ನಿಸಿದಾಗ 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಕೋರ್ಟು ಅವಳನ್ನು ಕಾರ್ಮಿಕಳೆಂದು ಒಪ್ಪಿ ಇಷ್ಟು ವರ್ಷವಾದರೂ ಮನೆಯವರು ಒಪ್ಪಿದ್ದಾರೆಯೇ? ಹಬ್ಬದ ವಾರದಲ್ಲಿ ಅವಳು ಹಗಲೆಲ್ಲ ಬೀಡಿ ಕಟ್ಟಿ, ಬ್ರಾಂಚಿಗೆ ಕೊಟ್ಟು ಬಂದು, ರಾತ್ರಿ ಬಾಣಲೆಯ ಮುಂದೆ ಕೂಡುತ್ತಾಳೆ. ಗಂಡಸರು ನಕ್ಷತ್ರ ತೂಗುಹಾಕಿ ತಮ್ಮ ಕೆಲಸವಾಯಿತೆನ್ನುತ್ತಾರೆ. ಸಹೋದರರೇ, ಕಾಯಿ ತುರಿಯಲು, ಹಿಟ್ಟು ನಾದಲು, ಪಾತ್ರೆ ಬೆಳಗಲು ಗಂಡಸಿನ ಕೈಗೆ ಬರುವುದಿಲ್ಲವೇ? ನಾಲ್ಕು ಮನೆಯವರು ಸೇರಿ ಒಂದೊಂದು ಮನೆಯಲ್ಲಿ ಒಂದೊಂದು ತಿಂಡಿ ಮಾಡಿ ಹಂಚಿಕೊಂಡರೆ ನಾಲ್ಕು ಒಲೆಯ ಕೆಲಸ ಒಂದಾಗುತ್ತದೆ. ಇಪ್ಪತ್ತೈದರ ಮಧ್ಯಾಹ್ನ ಊಟವಾದ ಮೇಲೆ ಅವಳಿಗೆ ಎರಡು ಗಂಟೆ ನಿದ್ದೆ ಸಿಗಲಿ. ಆ ಮನೆಗೆ ಹಬ್ಬ ಬಂದಿದೆಯೆಂದು ಅದರಿಂದಲೇ ತಿಳಿಯಬೇಕು.

ಮೂರನೆಯದು ಸಾಲ. ನೆರೆಯವರು ದೀಪದ ಸರ ಹಾಕಿದರೆಂದು ನಾವೂ ಹಾಕುವುದು, ಮೊಬೈಲಿನಲ್ಲಿ ಕಂಡ ಬಟ್ಟೆಯನ್ನು ಕಂತಿನಲ್ಲಿ ತರಿಸುವುದು, ಜನವರಿಯಲ್ಲಿ ಮಕ್ಕಳ ಫೀಸಿಗೆ ಇಟ್ಟದ್ದನ್ನು ಡಿಸೆಂಬರಿನಲ್ಲಿ ಮುಗಿಸುವುದು. ಆಗಮನ ಕಾಲದ ಮೊದಲ ಭಾನುವಾರ ಗಂಡ ಹೆಂಡತಿ ಮಕ್ಕಳೊಂದಿಗೆ ಕುಳಿತು ಇಷ್ಟೇ ಖರ್ಚು ಎಂದು ಬರೆದಿಡಿರಿ. ಮಕ್ಕಳಿಗೆ ಲೆಕ್ಕ ತೋರಿಸಿದರೆ ಅವರು ಹಟ ಮಾಡುವುದಿಲ್ಲ, ಮುಚ್ಚಿಟ್ಟರೆ ಮಾಡುತ್ತಾರೆ. ಬೆತ್ಲೆಹೇಮಿನ ಕುಟುಂಬಕ್ಕೆ ಛತ್ರದಲ್ಲಿ ಸ್ಥಳ ಸಿಗಲಿಲ್ಲ. ಅದನ್ನು ನೆನೆಯುವ ಹಬ್ಬಕ್ಕೆ ಬಡ್ಡಿಯ ದುಡ್ಡು ಏಕೆ?

ಕೊನೆಗೆ ಒಂದು ಕೆಲಸವನ್ನು ನಿಮ್ಮ ಮುಂದಿಡುತ್ತೇನೆ. ಆ ದಿನವೂ ಆಸ್ಪತ್ರೆಯ ದಾದಿ, ಬಸ್ಸಿನ ಡ್ರೈವರ್, ಹೋಟೆಲಿನ ಹುಡುಗ, ಗೇಟಿನ ಕಾವಲುಗಾರ ದುಡಿಯುತ್ತಿರುತ್ತಾರೆ. ದೂರದ ಊರುಗಳಿಂದ ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿ ಇರುವವರೂ ನಮ್ಮ ಸುತ್ತ ಇದ್ದಾರೆ. ಅವರಿಗೆ ಈ ಬಿಸಿಲು ಕೊಡುಗೆಯಲ್ಲ. ತಗಡಿನ ಕೆಳಗೆ ಅದು ಒಲೆಯೇ. ಈ ವರ್ಷ ಹಾಡುಗಳ ತಂಡವು ಸಭೆಯ ಮನೆಗಳಿಗೆ ಮಾತ್ರ ಹೋಗದೆ ಆ ಶೆಡ್ಡುಗಳಿಗೂ ಹೋಗಲಿ. ಸೂರ್ಯ ಮುಳುಗಿದ ಮೇಲೆ ಹೋಗಲಿ, ಖಾಲಿ ಕೈಯಲ್ಲಿ ಹೋಗದಿರಲಿ. ಪಾಳಿಯಲ್ಲಿರುವ ನಮ್ಮವರಿಗಾಗಿ ಮನೆಯವರು ಊಟವನ್ನು ಇಪ್ಪತ್ತಾರಕ್ಕೆ ಇಟ್ಟುಕೊಂಡರೂ ಹಬ್ಬಕ್ಕೆ ಕುಂದಿಲ್ಲ. ಮೊದಲ ಕ್ರಿಸ್ಮಸ್ಸಿನ ವಾರ್ತೆ ಕೆಲಸದ ಜಾಗಕ್ಕೇ ಬಂದಿತ್ತಲ್ಲವೇ?

ನಮ್ಮ ಬಾಗಿಲುಗಳು ಡಿಸೆಂಬರಿನಲ್ಲಿ ಹೇಗೂ ತೆರೆದೇ ಇರುತ್ತವೆ. ಗಾಳಿಗಾಗಿ ತೆರೆದ ಬಾಗಿಲು ನೆರೆಯವನಿಗೂ ತೆರೆದಿರಲಿ. ನಿಮ್ಮೆಲ್ಲರ ಮನೆಗಳಲ್ಲಿ ಸಾಲವಿಲ್ಲದ ಊಟ, ದಣಿವಿಲ್ಲದ ತಾಯಿ, ಕೂಲಿ ಕಳೆಯದ ರಜೆ ಇರಲೆಂದು ಕರ್ತನನ್ನು ಬೇಡಿಕೊಂಡು, ಎಲ್ಲರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳನ್ನು ಕೋರಿ ನನ್ನ ಮಾತನ್ನು ಮುಗಿಸುತ್ತೇನೆ.