ಬಳ್ಳಾರಿ ರಾಘವ: ಎರಡು ನುಡಿಗಳ ನಟ

ಕೃಷ್ಣೆಯ ಉತ್ತರಕ್ಕಿರುವ ಮಕ್ತಲ್, ನಾರಾಯಣಪೇಟೆಗಳಲ್ಲಿಯೂ, ಕೃಷ್ಣಾ ತುಂಗಭದ್ರೆಗಳ ನಡುವಣ ನೆಲವಾದ್ದರಿಂದ ನಡಿಗಡ್ಡ ಎನಿಸಿಕೊಂಡ ಗದ್ವಾಲದಲ್ಲಿಯೂ ಕನ್ನಡ ತೆಲುಗುಗಳೆರಡೂ ಒಂದೇ ಅಂಗಳದಲ್ಲಿ ಆಡಿ ಬೆಳೆದಿರುವುದರಿಂದ, ಈ ಎರಡು ಭಾಷೆಗಳ ರಂಗಭೂಮಿಗೂ ಸೇರಿದ ಬಳ್ಳಾರಿ ರಾಘವರ ಕಥೆ ಇಲ್ಲಿನ ಕೇಳುಗರಿಗೆ ಪರವೂರಿನದಲ್ಲ. ರಾಘವರ ಬಳ್ಳಾರಿ ಅಂದು ಮದ್ರಾಸ್ ಪ್ರಾಂತ್ಯದಲ್ಲಿದ್ದರೆ ಗದ್ವಾಲ ನಿಜಾಮರ ರಾಜ್ಯದಲ್ಲಿತ್ತು. ಆಡಳಿತ ಬೇರೆಯಾಗಿದ್ದರೂ ಎರಡೂ ಕಡೆಯ ಜನರಿಗೆ ಎರಡೂ ಭಾಷೆಗಳ ರುಚಿ ತಿಳಿದಿತ್ತು.

ರಾಘವಾಚಾರ್ಯರು 1880ರಲ್ಲಿ ಅನಂತಪುರ ಜಿಲ್ಲೆಯ ತಾಡಪತ್ರಿಯಲ್ಲಿ ಹುಟ್ಟಿ, ಬಳ್ಳಾರಿಯಲ್ಲಿ ಬೆಳೆದು, ಮದ್ರಾಸಿನಲ್ಲಿ ಪದವಿಯನ್ನೂ ಕಾನೂನನ್ನೂ ಓದಿ, ಮರಳಿ ಬಳ್ಳಾರಿಯಲ್ಲೇ ವಕೀಲಿ ಹಿಡಿದು ಸರ್ಕಾರಿ ವಕೀಲರೂ ಆದರು. ಹಗಲಿನ ಈ ವೃತ್ತಿ ಹೊಟ್ಟೆಯ ಪಾಡನ್ನು ನೋಡಿಕೊಂಡದ್ದರಿಂದಲೇ ರಂಗದ ಮೇಲೆ ಅವರು ಯಾರ ಮರ್ಜಿಗೂ ಕಾಯದೆ ತಮಗೆ ಸರಿಕಂಡಂತೆ ನಟಿಸಲು ಸಾಧ್ಯವಾಯಿತು.

ಆ ಕಾಲದ ಬಳ್ಳಾರಿಯಲ್ಲಿ ಎರಡು ಸಭೆಗಳು ಸ್ಪರ್ಧೆಗೆ ಬಿದ್ದಂತೆ ನಾಟಕವಾಡುತ್ತಿದ್ದವು. ಸಭೆ ಎಂದರೆ ಊರೂರು ತಿರುಗಿ ಟಿಕೆಟ್ಟಿನ ಹಣದಿಂದ ಬದುಕುವ ನಾಟಕ ಕಂಪನಿಯಲ್ಲ. ವಕೀಲರು, ಉಪಾಧ್ಯಾಯರು, ಗುಮಾಸ್ತರು ಬಿಡುವಿನ ವೇಳೆಯಲ್ಲಿ ಸೇರಿ ಕಟ್ಟಿಕೊಂಡ ಹವ್ಯಾಸಿ ಸಂಘ. ಸರಸ ವಿನೋದಿನಿ ಸಭೆಯನ್ನು ಕಟ್ಟಿದ ಧರ್ಮವರಂ ರಾಮಕೃಷ್ಣಮಾಚಾರ್ಯರು ರಾಘವರ ಸೋದರಮಾವ. ಸುಮನೋರಮಾ ಸಭೆಯ ಕೋಲಾಚಲಂ ಶ್ರೀನಿವಾಸರಾಯರು ಚಾರಿತ್ರಿಕ ನಾಟಕಗಳ ಕರ್ತೃ. ಮಾವನವರು ತೆಲುಗು ನಾಟಕಕ್ಕೆ ಹಾಡು ಪದ್ಯಗಳನ್ನು ತುಂಬಿ ಜನಪ್ರಿಯಗೊಳಿಸಿದರೆ, ಪದ್ಯವನ್ನು ರಾಗವೆಳೆದು ಹಾಡಿ 'ವನ್ಸ್‌ಮೋರ್' ಗಿಟ್ಟಿಸುವ ಚಾಳಿಗೆ ಎದುರು ನಿಂತವರು ಅಳಿಯನೇ.

ಇದು ಎಷ್ಟು ದೊಡ್ಡ ಧೈರ್ಯವೆಂಬುದು ಅಂದಿನ ನಾಟಕದ ರಾತ್ರಿಗಳನ್ನು ಬಲ್ಲವರಿಗೇ ಗೊತ್ತು: ಸಾಯುವ ಪಾತ್ರವೂ ಎದ್ದು ಕುಳಿತು ಪದ್ಯವನ್ನು ಮತ್ತೊಮ್ಮೆ ಹಾಡಬೇಕೆಂದು ಪ್ರೇಕ್ಷಕರು ಹಟ ಹಿಡಿಯುತ್ತಿದ್ದ ಕಾಲದಲ್ಲಿ, ನಟನ ಬಂಡವಾಳ ಕಂಠವಲ್ಲ, ಪಾತ್ರದ ಮನಸ್ಸು ಎಂದು ರಾಘವರು ಸಾಧಿಸಿದರು. ಕೋಲಾಚಲಂ ಅವರು ವಿಜಯನಗರದ ಪತನವನ್ನು ಕುರಿತು ಬರೆದ ನಾಟಕದ ಪಠಾಣ ರುಸ್ತುಂ ಪಾತ್ರದಲ್ಲಿ ಈ ಸಾಧನೆ ಬೆಳಗಿತು. ಮಕ್ತಲ್‌ನ ಮಗ್ಗುಲಲ್ಲಿ ಹರಿಯುವ ಇದೇ ಕೃಷ್ಣೆಯ ಮೇಲ್ದಂಡೆಯಲ್ಲಿ 1565ರಲ್ಲಿ ನಡೆದ ರಕ್ಕಸಗಿ ತಂಗಡಗಿ ಯುದ್ಧ ಆ ನಾಟಕದ ಹಿನ್ನೆಲೆ. ಕಥೆಯ ನಾಯಕ ರಾಮರಾಯ. ಆದರೂ ಜನರು ತಲೆಮಾರುಗಳ ಕಾಲ ನೆನೆದದ್ದು ರಾಮರಾಯನನ್ನಲ್ಲ, ಹಗೆಯ ಕಡೆಯ ಆ ಪಠಾಣನನ್ನು. ದ್ವೇಷಿಸಲೆಂದೇ ಇಟ್ಟ ಪಾತ್ರದೊಳಗೂ ಒಬ್ಬ ಮನುಷ್ಯನನ್ನು ಕಂಡು, ಅವನನ್ನು ಮಾತಿನ ಏರಿಳಿತದಿಂದಲೇ ನಿಲ್ಲಿಸುವುದು ಮಹಾನಟನಿಗಲ್ಲದೆ ಬೇರೆಯವರಿಗೆ ಸಾಧ್ಯವಿಲ್ಲ.

ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿ ನಟಿಸಿದ ರಾಘವರು ಬೆಂಗಳೂರಿನ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನ ರಂಗದಲ್ಲಿಯೂ ಮೆರೆದರು. 1927ರಲ್ಲಿ ನಂದಿ ಬೆಟ್ಟದಲ್ಲಿ ವಿಶ್ರಾಂತಿಗೆಂದು ತಂಗಿದ್ದ ಗಾಂಧೀಜಿಯವರ ಮುಂದೆ 'ದೀನಬಂಧು ಕಬೀರ್' ನಾಟಕವನ್ನು ಹಿಂದಿಯಲ್ಲಿ ಆಡಿದರು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಹೇಳಿ, ವಿದ್ಯಾವಂತ ಮನೆತನಗಳ ಸ್ತ್ರೀಯರನ್ನು ರಂಗಕ್ಕೆ ಕರೆತಂದದ್ದು ಅವರ ನಟನೆಯಷ್ಟೇ ಹಿರಿದಾದ ಕೆಲಸ.

ಸಿನಿಮಾ ಅವರನ್ನು ಕರೆದದ್ದು ತಡವಾಗಿ. 1936ರಲ್ಲಿ 'ದ್ರೌಪದೀ ಮಾನಸಂರಕ್ಷಣಂ' ಚಿತ್ರದಲ್ಲಿ ದುರ್ಯೋಧನನಾದಾಗ ಅವರ ವಯಸ್ಸು ಐವತ್ತಾರರ ಸುಮಾರು. ಅದೇ ಕಥೆಯ ಇನ್ನೊಂದು ಚಿತ್ರ ಅದೇ ವರ್ಷ ಬಂದು ಇದನ್ನು ಸೋಲಿಸಿತು. ಗೂಡವಲ್ಲಿ ರಾಮಬ್ರಹ್ಮಂ 1939ರಲ್ಲಿ ನಿರ್ದೇಶಿಸಿದ 'ರೈತು ಬಿಡ್ಡ'ದಲ್ಲಿ ಅವರು ರೈತನ ಪಾತ್ರ ವಹಿಸಿದರು. ಜಮೀನ್ದಾರರನ್ನು ಕೆರಳಿಸಿದ ಆ ಚಿತ್ರಕ್ಕೆ ಕೆಲವೆಡೆ ತಡೆ ಬಿತ್ತು. 1940ರ 'ಚಂಡಿಕಾ' ಬಂದ ಮೇಲೆ ಸಿನಿಮಾದ ಅಧ್ಯಾಯ ಮುಗಿಯಿತು. ಪಠಾಣನನ್ನು ಯಾವ ಕ್ಯಾಮರಾವೂ ಹಿಡಿದಿಡಲಿಲ್ಲವೆಂಬುದು ನಮ್ಮ ರಂಗಚರಿತ್ರೆಯ ತುಂಬಲಾರದ ನಷ್ಟ.

ರಾಘವರು 1946ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರಲ್ಲಿ ರಾಯಚೂರು ಜಿಲ್ಲೆಯಿಂದ ಮಹಬೂಬನಗರಕ್ಕೆ ಹೋದವು. ಗಡಿಗಳು ಹೀಗೆ ಬಿದ್ದ ಮೇಲೆ ಬರೆದ ರಂಗಭೂಮಿಯ ಇತಿಹಾಸಗಳು ರಾಘವರನ್ನು ತೆಲುಗಿನ ಪಾಲಿಗೆ ಬಿಟ್ಟುಕೊಟ್ಟವು. ಅಂಚೆ ಇಲಾಖೆ 1981ರಲ್ಲಿ ಅವರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು, ಬಳ್ಳಾರಿಯ ರಂಗಮಂದಿರವೊಂದು ಅವರ ಹೆಸರನ್ನು ಹೊತ್ತು ನಿಂತಿದೆ. ಕನ್ನಡದಲ್ಲಿ ಅವರಿಗೆ ಸಲ್ಲಬೇಕಾದ ಪುಟಗಳು ಮಾತ್ರ ಇನ್ನೂ ಬಾಕಿ ಉಳಿದಿವೆ.