ಯಂತ್ರ ಹೇಳಿದ ಕಾನೂನು



ನಮ್ಮ ಸಲಹಾ ಕೇಂದ್ರಕ್ಕೆ ಬಂದ ಹೆಣ್ಣುಮಗಳೊಬ್ಬಳು ಮೊಬೈಲ್ ತೋರಿಸಿದಳು. ವರದಕ್ಷಿಣೆ ಕಿರುಕುಳದ ಬಗ್ಗೆ ಕೃತಕ ಬುದ್ಧಿಮತ್ತೆಯ ಆ್ಯಪನ್ನು ಕೇಳಿದ್ದಳು. 'ಮೈಮೇಲೆ ಗಾಯವಿಲ್ಲದಿದ್ದರೆ ದೂರು ನಿಲ್ಲುವುದಿಲ್ಲ' ಎಂದಿತ್ತು ಉತ್ತರ. ಅದನ್ನೇ ನಂಬಿ ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದಳು.

ಅದು ಶುದ್ಧ ತಪ್ಪು. ಮಾನಸಿಕ ಕ್ರೌರ್ಯವೂ ಅಪರಾಧವೇ. ಹಳೆಯ 498ಎ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಮುಗಳಿವೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಂತೆ ಬೈಗುಳವೂ ದೌರ್ಜನ್ಯ.

ಯಂತ್ರ ಪದಕ್ಕೆ ಪದ ಪೋಣಿಸಿ ಉತ್ತರ ಕಟ್ಟುತ್ತದೆ. ಸರಿಯೋ ತಪ್ಪೋ, ಅದರ ಧ್ವನಿ ಒಂದೇ. ಅವಳನ್ನು ನಾನು ಬೈಯಲಿಲ್ಲ. ನಡುರಾತ್ರಿ ಕೇಳಲು ಅವಳಿಗೆ ಇನ್ಯಾರಿದ್ದರು?

ಕೇಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. 181ಕ್ಕೆ ಕರೆ ಮಾಡಿ. ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಉಚಿತ ಕಾನೂನು ನೆರವಿದೆ. ಸರಿಯಾದ ಮಾಹಿತಿ ಸಿಗದವಳಿಗೆ ಮಾತಿನ ಸ್ವಾತಂತ್ರ್ಯ ಎಲ್ಲಿಯದು?