ಕೋಡಿ ಬೀಳುವ ಮುನ್ನ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಡ್ಡಲಾಗಿ ಕಟ್ಟಿದ ಜಲಾಶಯ ಅದು. ನಡುವೆ ಕಲ್ಲುಗಾರೆಯ ಕಟ್ಟೆ, ಎರಡು ಕಡೆಗೂ ಉದ್ದಕ್ಕೆ ಮಣ್ಣಿನ ಏರಿ. ತುಂಬಿದರೆ ಸುಮಾರು 2.4 ಟಿಎಂಸಿ ನೀರು. ಮಾರ್ಕೋನಹಳ್ಳಿಗೆ ಹೆಸರು ತಂದದ್ದು ಮಾತ್ರ ಅದರ ಸೈಫನ್. ನೀರು ಗೊತ್ತಾದ ಮಟ್ಟ ಮುಟ್ಟಿತೆಂದರೆ ಯಾರೂ ಗೇಟು ಎತ್ತಬೇಕಾಗಿಲ್ಲ, ಹೆಚ್ಚಿನ ನೀರು ತಾನಾಗಿ ಹೊರಗೆ ಹೋಗುತ್ತದೆ.

ಅದರ ಕೆಲಸ ನೋಡಿ. ಜಲಾಶಯದೊಳಗೆ ದೊಡ್ಡ ಆಲಿಕೆಯಂಥ ಒಂದು ಬಾವಿ, ಅದರ ಮೇಲೊಂದು ಗುಮ್ಮಟ. ಆಲಿಕೆಯ ಒಳಮೈಯಲ್ಲಿ ಸುರುಳಿಯಾದ ಅಲಗುಗಳು. ನೀರು ಆಲಿಕೆಯ ಅಂಚು ದಾಟಿದಾಗ ಅಲಗುಗಳ ಗುಂಟ ಜಾರಿ ಗಿರಗಿರನೆ ಸುತ್ತುತ್ತಾ ಇಳಿಯುತ್ತದೆ. ಆ ಸುಳಿ ಗುಮ್ಮಟದೊಳಗಿನ ಗಾಳಿಯನ್ನು ತನ್ನ ಜತೆಗೇ ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾಯಿತೋ, ಬಾವಿಯ ಪೂರ್ತಿ ಬಾಯಿ ತುಂಬಿ ನೀರು ಭೋರೆಂದು ನುಗ್ಗುತ್ತದೆ. ಮಟ್ಟ ಇಳಿದು ಒಳಗೆ ಮತ್ತೆ ಗಾಳಿ ಸೇರಿದ ಕೂಡಲೇ ನಿಂತುಹೋಗುತ್ತದೆ. ವಲ್ಯೂಟ್ ಸೈಫನ್ ಎಂಬ ಈ ವಿನ್ಯಾಸ ಮೈಸೂರಿನ ಎಂಜಿನಿಯರ್ ಗಣೇಶ ಅಯ್ಯರ್ ಅವರದು. ರಾಮನಗರದ ಕಡೆಯ ಕಣ್ವ ಜಲಾಶಯದಲ್ಲೂ, ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿರುವ ಹಿರೇಭಾಸ್ಕರ ಅಣೆಕಟ್ಟೆಯಲ್ಲೂ ಇದೇ ಬಗೆಯ ಸೈಫನ್‌ಗಳಿವೆ.

ನಾನು ಸರ್ವರುಗಳನ್ನು ನೋಡಿಕೊಳ್ಳುವ ಕೆಲಸದವನು. ಕಂಪ್ಯೂಟರಿನ ಕರ್ನಲ್ ಎಂದರೇನು, ಅದರ ಸೆಟ್ಟಿಂಗ್‌ಗಳನ್ನು ಯಾಕೆ ತಿದ್ದಬೇಕು ಎಂದು ಹೊಸಬರು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಮಾರ್ಕೋನಹಳ್ಳಿಯೇ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವನ್ನು ನೆನೆದುಕೊಳ್ಳಿ. ರಾಜ್ಯದಲ್ಲಿ ಪ್ರತಿವರ್ಷ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಪರೀಕ್ಷೆ ಬರೆಯುತ್ತಾರೆ. ಫಲಿತಾಂಶ ಇಂಥ ಗಂಟೆಗೆ ಎಂದು ಪ್ರಕಟವಾದರೆ ಆ ಗಂಟೆಗೆ ಮಗು ನೋಡುತ್ತದೆ, ಅಪ್ಪ ನೋಡುತ್ತಾನೆ, ತುಮಕೂರಿನಲ್ಲಿರುವ ಚಿಕ್ಕಪ್ಪ ನೋಡುತ್ತಾನೆ, ಬರದಿದ್ದರೆ ಮೂವರೂ ಮತ್ತೆ ಮತ್ತೆ ಒತ್ತುತ್ತಾರೆ. ಒಂದೇ ಸರ್ವರ್ ಇದನ್ನು ತಡೆಯಲಾರದು. ಅದಕ್ಕೇ ಹತ್ತಾರು ಸರ್ವರುಗಳನ್ನಿಟ್ಟು, ಅವುಗಳ ಮುಂದೆ ಒಂದು ಯಂತ್ರವನ್ನು ಕೂರಿಸುತ್ತಾರೆ. ಅದೇ ಲೋಡ್ ಬ್ಯಾಲೆನ್ಸರ್. ಕೆರೆಯಿರುವ ಊರುಗಳಲ್ಲಿ ನೀರುಗಂಟಿ ಇರುತ್ತಿದ್ದನಲ್ಲ, ತೂಬು ಎತ್ತಿ, ಇವತ್ತು ಈ ಗದ್ದೆಗೆ, ನಾಳೆ ಆ ಗದ್ದೆಗೆ ಎಂದು ಸರದಿಯ ಮೇಲೆ ನೀರು ಬಿಡುವವನು, ಇದು ಅವನದೇ ಕೆಲಸ. ಬಂದ ಕೋರಿಕೆಯನ್ನು ತಾನು ಪೂರೈಸುವುದಿಲ್ಲ, ಯಾವ ಸರ್ವರಿಗೆ ಬಿಡುವಿದೆಯೋ ಅದಕ್ಕೆ ಹರಿಸುತ್ತದೆ.

ಈಗ ಕರ್ನಲ್. ಯಂತ್ರದ ಮೆಮೊರಿ, ಪ್ರೊಸೆಸರ್, ನೆಟ್‌ವರ್ಕ್ ಕಾರ್ಡು ಎಲ್ಲದರ ಯಜಮಾನಿಕೆ ಅದರದು. ಲಿನಕ್ಸ್ ಕರ್ನಲ್ 1991ರಲ್ಲಿ ಹುಟ್ಟಿದ್ದು. ಇವತ್ತು ಲೋಡ್ ಬ್ಯಾಲೆನ್ಸರುಗಳಲ್ಲಿ ಬಹುಪಾಲು ಅದರ ಮೇಲೇ ನಡೆಯುತ್ತವೆ. ಒಂದೇ ಕರ್ನಲ್ ಟಿವಿ ಪೆಟ್ಟಿಗೆಯಲ್ಲೂ ಓಡಬೇಕು, ದೊಡ್ಡ ಡೇಟಾ ಸೆಂಟರಿನಲ್ಲೂ ಓಡಬೇಕು. ಹಾಗಾಗಿ ಅದರಲ್ಲಿ ಬಂದಿರುವ ಮೊದಲಿನ ಅಂಕಿಗಳು ಸಾಧಾರಣ ಯಂತ್ರಕ್ಕೆ ಹೊಂದುವಂಥವು. ದಿನಕ್ಕೆ ನೂರು ಜನ ಬರುವ ಮನೆಗೂ ಜಾತ್ರೆಯ ಛತ್ರಕ್ಕೂ ಒಂದೇ ಅಳತೆಯ ಬಾಗಿಲಿಟ್ಟಂತೆ. ಅವನ್ನು ಬದಲಿಸುವ ಸಾಧನದ ಹೆಸರು ಸಿಸ್‌ಸಿಟಿಎಲ್. ನೂರಾರು ಅಂಕಿಗಳಿವೆ. ಲೋಡ್ ಬ್ಯಾಲೆನ್ಸರಿನವರು ನಿಜಕ್ಕೂ ಗಮನಿಸಬೇಕಾದ್ದು ಕೆಲವನ್ನು ಮಾತ್ರ.

ಮೊದಲನೆಯದು ಬಾಗಿಲ ಸಾಲು. ಹೊಸ ಸಂಪರ್ಕ ಬಂದಾಗ ಕರ್ನಲ್ ಅದನ್ನು ಒಂದು ಸಾಲಿನಲ್ಲಿ ನಿಲ್ಲಿಸುತ್ತದೆ, ತಂತ್ರಾಂಶ ಒಂದೊಂದನ್ನೇ ಒಳಗೆ ಕರೆದುಕೊಳ್ಳುತ್ತದೆ. ಸಾಲು ಎಷ್ಟು ಉದ್ದ ಇರಬಹುದು ಎಂಬುದಕ್ಕೆ ಸೋಮ್ಯಾಕ್ಸ್‌ಕಾನ್ ಎಂಬ ಮಿತಿಯಿದೆ. ಬಹಳ ಕಾಲ ಅದು ಬರೀ 128 ಆಗಿತ್ತು, 2019ರಲ್ಲಿ ಬಂದ 5.4ನೇ ಕರ್ನಲ್‌ನಿಂದ 4096 ಆಯಿತು. ಇದನ್ನು ಹೆಚ್ಚಿಸಿ ನೆಮ್ಮದಿಯಾಗಿ ಕೂರುವವರನ್ನು ನೋಡಿದ್ದೇನೆ. ಆದರೆ ತಂತ್ರಾಂಶವೂ ತನ್ನದೊಂದು ಅಂಕಿ ಹೇಳುತ್ತದೆ, ಎರಡರಲ್ಲಿ ಯಾವುದು ಚಿಕ್ಕದೋ ಅದೇ ನಡೆಯುತ್ತದೆ. ಒಂದನ್ನೇ ಬದಲಿಸಿದರೆ ಏನೂ ಆಗುವುದಿಲ್ಲ.

ಈ ಸಾಲಿಗೂ ಮೊದಲು ಇನ್ನೊಂದು ಸಾಲಿದೆ, ಇನ್ನೂ ಕೈಕುಲುಕಿ ಮುಗಿಯದ ಅರೆ ಸಂಪರ್ಕಗಳದು. ಕೇಡು ಬಯಸುವವರು ಸುಳ್ಳು ಕೋರಿಕೆಗಳನ್ನು ಸುರಿದು ಇದನ್ನು ತುಂಬಿಸಿಬಿಡಬಲ್ಲರು. ಇದಕ್ಕೆ ಡೇನಿಯಲ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞ 1996ರಲ್ಲಿ ಸೂಚಿಸಿದ ಪರಿಹಾರ ಸಿನ್ ಕುಕಿ. ಸಾಲು ತುಂಬಿದಾಗ ಕರ್ನಲ್ ಬಂದವರ ಹೆಸರನ್ನು ತನ್ನಲ್ಲಿ ಬರೆದಿಟ್ಟುಕೊಳ್ಳುವುದಿಲ್ಲ; ತಾನು ಕಳಿಸುವ ಉತ್ತರದ ಕ್ರಮಸಂಖ್ಯೆಯೊಳಗೇ ಗುರುತನ್ನು ಅಡಗಿಸಿ ಕೊಟ್ಟುಬಿಡುತ್ತದೆ. ನಿಜವಾಗಿ ಬಂದವನು ಅದೇ ಗುರುತಿನೊಂದಿಗೆ ತಿರುಗಿ ಬರುತ್ತಾನೆ, ಸುಳ್ಳಿನವನು ಬರುವುದಿಲ್ಲ. ಯಾರೂ ಗೇಟು ಎತ್ತಬೇಕಾಗಿಲ್ಲ, ಮಟ್ಟ ಮುಟ್ಟಿದಾಗ ತಾನಾಗಿ ಶುರು, ಇಳಿದಾಗ ತಾನಾಗಿ ನಿಲುಗಡೆ. ಕರ್ನಲ್‌ನ ಸೈಫನ್ ಯಾವುದೆಂದರೆ ನಾನು ಇದನ್ನೇ ತೋರಿಸುತ್ತೇನೆ. ಇದನ್ನು ದಯವಿಟ್ಟು ಆರಿಸಬೇಡಿ.

ಮುಂದಿನದು ಲೆಕ್ಕದ ಮಾತು, ಸ್ವಲ್ಪ ತಾಳ್ಮೆಯಿಂದ ಕೇಳಿ. ಲೋಡ್ ಬ್ಯಾಲೆನ್ಸರ್ ತನ್ನ ಹಿಂದಿರುವ ಸರ್ವರಿಗೆ ತಾನೇ ಹೊಸ ಸಂಪರ್ಕ ತೆರೆಯುವಾಗ ತನ್ನ ಕಡೆಯಿಂದ ಒಂದು ಪೋರ್ಟ್ ಸಂಖ್ಯೆ ಬಳಸಬೇಕು. ಕರ್ನಲ್ ಇದಕ್ಕಾಗಿ ಮೀಸಲಿಟ್ಟಿರುವುದು 32768ರಿಂದ 60999ರವರೆಗೆ, ಅಂದರೆ 28,232 ಪೋರ್ಟ್‌ಗಳು. ಸಂಪರ್ಕವನ್ನು ಮೊದಲು ಮುಚ್ಚಿದ ಕಡೆಯಲ್ಲಿ ಆ ಪೋರ್ಟ್ ಕೂಡಲೇ ಬಿಡುವಾಗುವುದಿಲ್ಲ. ಹಳೆಯ ಸಂಪರ್ಕದ ದಾರಿತಪ್ಪಿದ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಹೊಸದರೊಳಗೆ ನುಗ್ಗದಿರಲೆಂದು 60 ಸೆಕೆಂಡು ಕಾದಿರಿಸುತ್ತಾರೆ. ಈ ಸ್ಥಿತಿಗೆ ಟೈಮ್ ವೇಟ್ ಎಂದು ಹೆಸರು. 28,232ನ್ನು 60ರಿಂದ ಭಾಗಿಸಿ. ಒಂದು ಸರ್ವರಿನ ಒಂದು ವಿಳಾಸಕ್ಕೆ ಸೆಕೆಂಡಿಗೆ ಸುಮಾರು 470 ಹೊಸ ಸಂಪರ್ಕ, ಅದಕ್ಕೆ ಮೇಲೆ ಪೋರ್ಟ್ ಸಿಗುವುದಿಲ್ಲ. ಪ್ರೊಸೆಸರ್ ಬಿಡುವಾಗಿದೆ, ಮೆಮೊರಿ ಖಾಲಿಯಿದೆ, ಆದರೂ ಪುಟ ತೆರೆಯುವುದಿಲ್ಲ. ನನ್ನ ಮೊದಲ ವರ್ಷಗಳಲ್ಲಿ ಇಂಥದೊಂದು ರಾತ್ರಿ, ನಾನಿದ್ದ ಕಡೆ, ಯಂತ್ರ ಸಾಲದು ಎಂದು ಇನ್ನೆರಡು ಸರ್ವರ್ ತಂದು ಜೋಡಿಸಿದೆವು. ವಿಳಾಸಗಳು ಹೆಚ್ಚಿದ್ದರಿಂದ ಸರಿಹೋಯಿತು. ಯಾಕೆ ಸರಿಹೋಯಿತು ಎಂಬುದು ನಮಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ.

ಪರಿಹಾರ ಸರಳವಾದದ್ದೇ. ಪೋರ್ಟ್‌ಗಳ ವ್ಯಾಪ್ತಿಯನ್ನು 1024ರಿಂದ 65535ರವರೆಗೆ ಹಿಗ್ಗಿಸಬಹುದು, ನಡುವೆ ಬೇರೆ ಸೇವೆಗಳು ಬಳಸುವ ಪೋರ್ಟ್‌ಗಳನ್ನು ಕಾಯ್ದಿರಿಸಲು ಮರೆಯಬಾರದು. ಅದಕ್ಕಿಂತ ಒಳ್ಳೆಯದು ಹಿಂದಿನ ಸರ್ವರುಗಳ ಜತೆ ಸಂಪರ್ಕವನ್ನು ಪ್ರತಿ ಸಲ ಮುಚ್ಚದೆ ಉಳಿಸಿಕೊಂಡು ಮತ್ತೆ ಬಳಸುವುದು. ಹಲವರು ಮಾಡುವ ತಪ್ಪು ಬೇರೆ. ಟಿಸಿಪಿ ಫಿನ್ ಟೈಮ್‌ಔಟ್ ಎಂಬ ಅಂಕಿಯನ್ನು 60ರಿಂದ 15ಕ್ಕೆ ಇಳಿಸಿ, ಟೈಮ್ ವೇಟ್ ಕಡಿಮೆಯಾಯಿತು ಎಂದುಕೊಳ್ಳುತ್ತಾರೆ. ಆ ಅಂಕಿ ಬೇರೆ ಹಂತದ್ದು. ಟೈಮ್ ವೇಟ್‌ನ 60 ಸೆಕೆಂಡು ಕರ್ನಲ್‌ನ ಮೂಲ ಕೋಡ್‌ನಲ್ಲೇ ಬರೆದಿದೆ, ಅದನ್ನು ಯಾವ ಸೆಟ್ಟಿಂಗೂ ಮುಟ್ಟುವುದಿಲ್ಲ.

ಇದಕ್ಕಿಂತ ದೊಡ್ಡ ಕೇಡು ಮಾಡಿದ್ದು ಟೈಮ್ ವೇಟ್ ರೀಸೈಕಲ್ ಎಂಬ ಇನ್ನೊಂದು ಸೆಟ್ಟಿಂಗ್. ವೇಗ ಹೆಚ್ಚಿಸುವ ಮಂತ್ರವೆಂದು ಒಬ್ಬರ ಕಡತದಿಂದ ಇನ್ನೊಬ್ಬರ ಕಡತಕ್ಕೆ ಅದು ಹರಡಿತು. ಒಂದು ವಿಳಾಸದಿಂದ ಬರುವ ಪ್ಯಾಕೆಟ್‌ಗಳ ಸಮಯದ ಮುದ್ರೆ ಸದಾ ಮುಂದಕ್ಕೇ ಹೋಗಬೇಕು, ಹಿಂದಿನದು ಬಂದರೆ ಬಿಸಾಡು ಎಂಬುದು ಅದರ ನಿಯಮ. ಆದರೆ ನಮ್ಮ ಮೊಬೈಲ್ ಜಾಲಗಳಲ್ಲಿ ಸಾವಿರಾರು ಫೋನುಗಳು ಒಂದೇ ವಿಳಾಸದ ಹಿಂದಿರುತ್ತವೆ, ಒಂದೊಂದರ ಗಡಿಯಾರ ಒಂದೊಂದು. ಹಾಗಾಗಿ ಒಂದೇ ಮನೆಯಲ್ಲಿ ಅಕ್ಕನ ಫೋನಿನಲ್ಲಿ ಪುಟ ತೆರೆಯುತ್ತಿತ್ತು, ತಮ್ಮನ ಫೋನಿನಲ್ಲಿ ಇಲ್ಲ. ಸರ್ವರಿನವರು ತಮ್ಮ ಕಚೇರಿಯಿಂದ ನೋಡಿ ಎಲ್ಲ ಸರಿಯಿದೆ ಎನ್ನುತ್ತಿದ್ದರು. 2017ರಲ್ಲಿ 4.12ನೇ ಕರ್ನಲ್‌ನಿಂದ ಅದನ್ನು ತೆಗೆದೇ ಹಾಕಿದರು. ಅಷ್ಟರೊಳಗೆ ಎಷ್ಟು ಜನ ತಮ್ಮ ಫೋನೇ ಕೆಟ್ಟಿದೆ ಎಂದುಕೊಂಡರೋ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಇನ್ನು ಕಾನ್‌ಟ್ರ್ಯಾಕ್. ಫೈರ್‌ವಾಲ್ ಇರುವ ಯಂತ್ರದಲ್ಲಿ ಕರ್ನಲ್ ಹಾದುಹೋಗುವ ಪ್ರತಿ ಸಂಪರ್ಕವನ್ನೂ ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಪಟ್ಟಿಯ ಗಾತ್ರವನ್ನು ಮೆಮೊರಿ ನೋಡಿ ತಾನೇ ನಿರ್ಧರಿಸುತ್ತದೆ, ಹಲವು ಯಂತ್ರಗಳಲ್ಲಿ ಅದು 2,62,144. ಹೆಚ್ಚೆನಿಸುತ್ತದೆ ಅಲ್ಲವೇ? ಆದರೆ ಸದ್ದಿಲ್ಲದೆ ಸತ್ತುಹೋದ ಸಂಪರ್ಕವನ್ನೂ ಅದು 4,32,000 ಸೆಕೆಂಡು, ಅಂದರೆ ಪೂರ್ತಿ ಐದು ದಿನ ಪಟ್ಟಿಯಲ್ಲಿಟ್ಟುಕೊಂಡಿರುತ್ತದೆ. ಕಾಲುವೆಯ ಹೂಳಿನಂತೆ ಅದು ಸೇರುತ್ತಾ ಹೋಗುತ್ತದೆ. ಪಟ್ಟಿ ತುಂಬಿದ ಕ್ಷಣದಿಂದ ಹೊಸಬರ ಪ್ಯಾಕೆಟ್‌ಗಳನ್ನು ಕರ್ನಲ್ ಕೈಬಿಡುತ್ತದೆ. ಪಟ್ಟಿ ತುಂಬಿದೆ ಎಂದು ತನ್ನ ದಾಖಲೆಯಲ್ಲಿ ಒಂದು ಸಾಲು ಬರೆಯುತ್ತದೆ, ಅಷ್ಟೇ. ಆ ದಾಖಲೆಯನ್ನು ಓದುವವರು ಇರಬೇಕಲ್ಲ.

ಇಲ್ಲಿ ಮಾರ್ಕೋನಹಳ್ಳಿಯ ಒಂದು ದುಃಖದ ಸಂಗತಿಯನ್ನು ಹೇಳಲೇಬೇಕು. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ನೀರಿಗಿಳಿದಿದ್ದ ಒಂದೇ ಕುಟುಂಬದ ಹಲವರು, ಸೈಫನ್‌ನಿಂದ ಏಕಾಏಕಿ ನುಗ್ಗಿದ ನೀರಿನಲ್ಲಿ ಕೊಚ್ಚಿಹೋದರು. ತಾನಾಗಿ ನಡೆಯುವ ಯಂತ್ರ ಕೂಗಿ ಹೇಳುವುದಿಲ್ಲ. ಮಳೆಗಾಲದಲ್ಲಿ ಅಲ್ಲಿಗೆ ಹೋಗುವವರು ಸೈಫನ್ ನೀರು ಹರಿಯುವ ಜಾಗಕ್ಕೆ ಎಷ್ಟೇ ಒಣಗಿ ಕಂಡರೂ ಇಳಿಯಬೇಡಿ, ಮಕ್ಕಳನ್ನು ಬಿಡಬೇಡಿ. ಪುಟ ತೆರೆಯದಿರುವುದನ್ನು ಆ ಸಾವುಗಳ ಪಕ್ಕದಲ್ಲಿ ಇಡಲಾಗದು, ನಾನು ಇಡುವುದೂ ಇಲ್ಲ. ಆದರೆ ನನ್ನ ಕೆಲಸದಲ್ಲಿ ಆಮೇಲೆ ಒಂದು ಬದಲಾವಣೆ ಮಾಡಿಕೊಂಡೆ. ಯಾವ ಮಿತಿಯನ್ನು ಬರೆದರೂ ಅದರ ಮುಕ್ಕಾಲು ಭಾಗ ತುಂಬಿದಾಗ ಒಬ್ಬ ಮನುಷ್ಯನ ಫೋನು ಬಡಿದುಕೊಳ್ಳಬೇಕು. ಆ ಏರ್ಪಾಡಾಗುವ ತನಕ ಮಿತಿಯನ್ನು ಬದಲಿಸುವುದಿಲ್ಲ.

ಲೋಡ್ ಬ್ಯಾಲೆನ್ಸರಿನಲ್ಲಿ ಇನ್ನೊಂದು ಬಗೆಯಿದೆ. 1998ರಲ್ಲಿ ಚೀನಾದ ವೆನ್‌ಸಾಂಗ್ ಝಾಂಗ್ ಆರಂಭಿಸಿದ ಲಿನಕ್ಸ್ ವರ್ಚುವಲ್ ಸರ್ವರ್ ಇದನ್ನು ಕರ್ನಲ್‌ನೊಳಗೇ ತಂದಿತು. ಇಲ್ಲಿ ಕೋರಿಕೆ ನೀರುಗಂಟಿಯ ಮೂಲಕ ಬರುತ್ತದೆ, ಉತ್ತರ ಮಾತ್ರ ಹಿಂದಿನ ಸರ್ವರಿನಿಂದ ನೇರವಾಗಿ ಕೇಳಿದವರಿಗೆ ಹೋಗುತ್ತದೆ. ಕೇಳುವ ಮಾತು ಚಿಕ್ಕದು, ಉತ್ತರ ದೊಡ್ಡದು. ಹಾಗಾಗಿ ನೀರುಗಂಟಿಯ ಹೊರೆ ಬಹಳ ಇಳಿಯುತ್ತದೆ. ಆದರೆ ಇದಕ್ಕಾಗಿ ಎಲ್ಲ ಸರ್ವರುಗಳಿಗೂ ಒಂದೇ ವಿಳಾಸ ಇಟ್ಟಿರುತ್ತಾರೆ. ಜಾಲದಲ್ಲಿ ಈ ವಿಳಾಸ ಯಾರದು ಎಂಬ ಕೂಗು ಬಂದಾಗ ಎಲ್ಲರೂ ನನ್ನದು ಎಂದರೆ ಕೆಟ್ಟಿತು, ಓಗೊಡಬೇಕಾದವನು ನೀರುಗಂಟಿ ಒಬ್ಬನೇ. ಉಳಿದ ಸರ್ವರುಗಳನ್ನು ಸುಮ್ಮನಿರಿಸಲು ಆರ್ಪ್ ಇಗ್ನೋರ್‌ಗೆ 1, ಆರ್ಪ್ ಅನೌನ್ಸ್‌ಗೆ 2 ಎಂದು ಬರೆಯುತ್ತಾರೆ. ಈ ಎರಡು ಅಂಕಿ ಮರೆತರೆ ಕೋರಿಕೆಗಳೆಲ್ಲ ಯಾವುದೋ ಒಂದೇ ಸರ್ವರಿನ ಮೇಲೆ ಬೀಳುತ್ತವೆ, ಅದೂ ಒಮ್ಮೆ ಇದರ ಮೇಲೆ, ಒಮ್ಮೆ ಅದರ ಮೇಲೆ.

ಕೊನೆಗೊಂದು ಕೈಕೆಲಸದ ಮಾತು. ಓಡುತ್ತಿರುವ ಕರ್ನಲ್‌ನಲ್ಲಿ ಬದಲಿಸಿದ ಅಂಕಿ ಯಂತ್ರ ಆರಿಸಿ ಹೊತ್ತಿಸಿದರೆ ಹೋಗಿಬಿಡುತ್ತದೆ. ಅದನ್ನು ಸಿಸ್‌ಸಿಟಿಎಲ್‌ನ ಕಡತದಲ್ಲಿ ಬರೆಯಬೇಕು. ನಾನು ಪ್ರತಿ ಅಂಕಿಯ ಮೇಲಿನ ಸಾಲಿನಲ್ಲಿ ಟಿಪ್ಪಣಿ ಬರೆಯುತ್ತೇನೆ: ಮೊದಲು ಎಷ್ಟಿತ್ತು, ಯಾವ ದಿನ ಬದಲಿಸಿದೆವು, ಅವತ್ತು ಏನು ತುಂಬಿತ್ತು. ನನ್ನ ಜಾಗಕ್ಕೆ ಬರುವ ಹುಡುಗಿ ಆ ಕಡತ ತೆರೆದಾಗ ಅವಳಿಗೆ ಬರೀ ಅಂಕಿ ಕಾಣಬಾರದು, ಅವತ್ತಿನ ನೀರಿನ ಮಟ್ಟವೂ ಕಾಣಬೇಕು.